ಒಂದನೇ ಚಾನೆಲ್

ನಡೆಯುವುದಕ್ಕೂ ಮೊದಲೇ ಹತ್ತುವುದನ್ನು ಕಲಿತ ಹುಡುಗಿ ಅವಳು. ಕಿಟಕಿಯ ಸರಳು, ಬೀರುವಿನ ಬಾಗಿಲು, ಅಡುಗೆಮನೆಯ ಕಟ್ಟೆ, ಕೈಗೆ ಸಿಕ್ಕಿದ್ದನ್ನೆಲ್ಲ ಹಿಡಿದು ಮೇಲೇರುತ್ತಿದ್ದಳು. ಒಂದು ದಿನ ಅಪ್ಪನ ಸ್ಟುಡಿಯೋದಲ್ಲಿ ಲೈಟಿನ ಸ್ಟ್ಯಾಂಡ್ ಹತ್ತಲು ಹೋಗಿ ಅದರ ಸಮೇತ ನೆಲಕ್ಕುರುಳಿದಳು. ಸೋದರಮಾವ ಓಡಿ ಬಂದು ಮೊದಲು ಮಗುವನ್ನು ಎತ್ತಿಕೊಂಡ, ಅಪ್ಪ ಮೊದಲು ಲೈಟನ್ನು ಎತ್ತಿಕೊಂಡ. ಇದನ್ನು ಅಮ್ಮ ಮನೆಗೆ ಬಂದವರಿಗೆಲ್ಲ ಹೇಳಿ ನಗಿಸುತ್ತಿದ್ದಳು. ಆವತ್ತು ಮಾವ ಇಟ್ಟ ಹೆಸರು ಅಳಿಲು. ಶಾಲೆಯಲ್ಲಿ ಬೇರೆ ಹೆಸರಿತ್ತು, ಆದರೆ ಕರೆದರೆ ಅವಳು ತಿರುಗಿ ನೋಡುತ್ತಿದ್ದುದು ಅಳಿಲು ಎಂದಾಗಲೇ.

ಇಪ್ಪತ್ತರ ಹತ್ತಿರ ಬರುವ ಹೊತ್ತಿಗೆ ಅಳಿಲು ಜಿಮ್ನಾಸ್ಟಿಕ್ಸ್‌ನಲ್ಲಿ ಹೆಸರು ಮಾಡಿದ್ದಳು. ಅವಳ ಜೀವವೆಲ್ಲ ಬೀಮ್ ಮೇಲೆ. ಬೀಮ್ ಎಂದರೆ ಎದೆಯೆತ್ತರಕ್ಕೆ ನಿಲ್ಲಿಸಿದ ಉದ್ದನೆಯ ತೊಲೆ, ಅಗಲ ಒಂದು ಅಂಗೈಯಷ್ಟು. ಬೇರೆಯವರಿಗೆ ಅದರ ಮೇಲೆ ನಡೆಯುವುದೇ ಸಾಹಸ. ಅವಳು ಹಿಂದಕ್ಕೆ ಲಾಗ ಹಾಕಿ, ಗಾಳಿಯಲ್ಲಿ ಪೂರ್ತಿ ಒಂದು ಸುತ್ತು ಸುತ್ತಿ, ಅದೇ ತೊಲೆಯ ಮೇಲೆ ಪಾದ ಊರುತ್ತಿದ್ದಳು. ಮೈ ತಿರುಗುವಾಗ ಒಂದು ಕ್ಷಣ ತೊಲೆ ಕಣ್ಣಿಗೆ ಬೀಳುತ್ತದೆ. ಆ ಕ್ಷಣ ಕಣ್ಣಿಗೆ ಬಿದ್ದರೆ ಪಾದ ತಾನಾಗಿ ಜಾಗ ಹುಡುಕಿಕೊಳ್ಳುತ್ತದೆ. ಬೀಳದಿದ್ದರೆ ಇಲ್ಲ.

ಆವತ್ತು ತೊಲೆ ಕಣ್ಣಿಗೆ ಬೀಳಲಿಲ್ಲ.

ಅದು ಸ್ಪರ್ಧೆಯೂ ಅಲ್ಲ, ಏನೂ ಅಲ್ಲ. ಕ್ಲಬ್ಬಿನವರು ಒಂದು ಪುಸ್ತಿಕೆ ಮಾಡಿಸಬೇಕೆಂದಿದ್ದರು, ಅದಕ್ಕೆ ಫೋಟೋ ಬೇಕಿತ್ತು. ಅಪ್ಪ, ಮಾವ ಇಬ್ಬರೂ ಸಾಮಾನು ಹೊತ್ತುಕೊಂಡು ಬಂದಿದ್ದರು. ಅಪ್ಪ ಒಳಗೆ ಹಾಲ್‌ನಲ್ಲಿ, ಮಾವ ಹೊರಗಿನ ಕಾರಿಡಾರಿನಲ್ಲಿ, ಚಿಕ್ಕಮಕ್ಕಳ ಗುರುತಿನ ಚೀಟಿಗೆ ಫೋಟೋ ತೆಗೆಯಲು. ಮಧ್ಯಾಹ್ನದ ಬಿಸಿಲು ಮೇಲಿನ ಗಾಜಿನ ಕಿಟಕಿಗಳಿಂದ ಹಾಲ್ ತುಂಬ ಬಿದ್ದಿತ್ತು. ಬೇರೆ ಹುಡುಗಿಯರು ಬಟ್ಟೆ ಬದಲಾಯಿಸಲು ಹೋಗಿದ್ದರು. ಕೋಚ್ ಮೇಡಂ ಆ ತುದಿಯಲ್ಲಿ ಬೆನ್ನು ಹಾಕಿ ನಿಂತು ಯಾರದೋ ಫೋನಿಗೆ ಉತ್ತರ ಕೊಡುತ್ತಿದ್ದರು. ಅಪ್ಪ "ಹೂಂ, ಹಾಕಮ್ಮ" ಎಂದ. ಅಳಿಲು ಲಾಗ ಹಾಕಿದಳು. ತಲೆ ಕೆಳಗಾಗಿ ತೊಲೆ ಕಾಣಬೇಕಾದ ಕಡೆ ಎಡಗಣ್ಣಿನ ಪಕ್ಕದಿಂದ ಬೆಳ್ಳಗೆ ಏನೋ ಹೊಡೆಯಿತು. ಆಮೇಲೆ ಬಲಗಾಲು ತೊಲೆಯ ಅಂಚಿಗೆ ಬಿದ್ದು ಮಂಡಿ ಅಡ್ಡಕ್ಕೆ ತಿರುಗಿದ ಸದ್ದು. ಆ ಸದ್ದನ್ನು ಅವಳು ಕಿವಿಯಿಂದ ಕೇಳಿರಲಿಲ್ಲ, ಹಲ್ಲಿನಿಂದ ಕೇಳಿದ್ದಳು.

ಆಸ್ಪತ್ರೆಯಲ್ಲಿ ಮಂಡಿಗೆ ಶಸ್ತ್ರಚಿಕಿತ್ಸೆಯಾಯಿತು, ಲೋಹದ ಪಟ್ಟಿ ಕೂರಿಸಿ ತಿರುಪು ಹಾಕಿದರು. ಮೂಳೆ ಡಾಕ್ಟರು ಒಳ್ಳೆಯ ಮನುಷ್ಯ, ಮಾತು ಸುತ್ತಿ ಬಳಸಿ ಆಡಲಿಲ್ಲ. "ನಡೀತೀಯ. ಮೆಟ್ಟಿಲು ಹತ್ತೋವಾಗ ನೋಯುತ್ತೆ. ಹಾರೋದು ಮರೆತುಬಿಡು" ಎಂದರು.

"ಅಪ್ಪಾ, ಒಂದು ಬೆಳಕು ಬಂತು. ಕಣ್ಣಿಗೆ ಹೊಡೀತು" ಎಂದು ಅವಳು ಪ್ರಜ್ಞೆ ಬಂದ ಕೂಡಲೇ ಹೇಳಿದ್ದಳು.

ಅಪ್ಪ ನೆಲದ ಟೈಲ್ಸ್ ನೋಡುತ್ತಾ, "ಮೇಲಿನ ಕಿಟಕಿಯ ಬಿಸಿಲು ಇರಬೇಕು ಕಣಮ್ಮ" ಎಂದಿದ್ದ.

"ಬಿಸಿಲಲ್ಲ ಅದು."

"ನೋವಿನಲ್ಲಿ ಏನೇನೋ ಅನ್ನಿಸುತ್ತೆ. ಮಲಕ್ಕೋ."

ಕೋಚ್ ಮೇಡಂ ಒಂದೇ ಸಲ ಬಂದಿದ್ದರು. ಹಣ್ಣು ತಂದಿರಲಿಲ್ಲ, ಸಮಾಧಾನವನ್ನೂ ತಂದಿರಲಿಲ್ಲ. ಮಂಚದ ಕಾಲ ಬುಡದಲ್ಲಿ, ಅಪ್ಪನ ಪಕ್ಕದಲ್ಲಿ ನಿಂತು, "ಬಿಸಿಲು ಅಂತೆ, ಬೆಳಕು ಅಂತೆ. ಹನ್ನೆರಡು ವರ್ಷದಿಂದ ಅದೇ ಹಾಲು, ಅದೇ ಕಿಟಕಿ. ಕೊನೇ ಗಳಿಗೆಯಲ್ಲಿ ಹೆದರಿದೆ ನೀನು. ಅಷ್ಟೆ. ಒಪ್ಕೊಂಡ್ರೆ ಮನಸ್ಸಿಗೆ ಒಳ್ಳೇದು" ಎಂದು ಹೇಳಿ ಹೊರಟುಹೋದರು. ಅವರೂ ಅಳುತ್ತಿದ್ದರೋ ಏನೋ, ತಿರುಗಿ ನೋಡಲಿಲ್ಲ. ಆ ಮಾತು ಮಾತ್ರ ಅಳಿಲಿನ ಎದೆಯಲ್ಲಿ ಮುಳ್ಳಿನಂತೆ ಕೂತುಬಿಟ್ಟಿತು. ಮೊದಮೊದಲು ಇಲ್ಲ, ಇಲ್ಲ ಎಂದುಕೊಂಡಳು. ಬರಬರುತ್ತಾ ಇರಬಹುದೇನೋ ಅನ್ನಿಸಿತು. ಕೊನೆಗೆ, ಹೌದು, ನಾನೇ ಹೆದರಿದೆ, ಹೆದರಿದ್ದನ್ನು ಮುಚ್ಚಿಕೊಳ್ಳಲು ಬೆಳಕಿನ ಕಥೆ ಕಟ್ಟಿಕೊಂಡೆ ಎಂದು ಅವಳೇ ನಂಬಿದಳು. ಕಾಲು ಹೋದ ದುಃಖಕ್ಕಿಂತ ಈ ನಂಬಿಕೆ ಹೆಚ್ಚು ಸುಡುತ್ತಿತ್ತು. ಗೆಳತಿಯರು ನೋಡಲು ಬಂದರೆ ನಿದ್ದೆ ಬಂದವಳಂತೆ ಕಣ್ಣು ಮುಚ್ಚುತ್ತಿದ್ದಳು.

ಮನೆ ಮಹಡಿಯ ಮೇಲೆ, ಸ್ಟುಡಿಯೋ ಕೆಳಗೆ. ಅಮ್ಮ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಕೆಲಸ ಮಾಡುತ್ತಿದ್ದಳು, ರಜೆಯೆಲ್ಲ ಆಸ್ಪತ್ರೆಯಲ್ಲೇ ಮುಗಿದಿತ್ತು. ಮಗಳನ್ನು ಒಬ್ಬಳೇ ಬಿಡಲು ಮನಸ್ಸಿಲ್ಲ. ಹಾಗಾಗಿ ದಿನಾ ಬೆಳಿಗ್ಗೆ ಮಾವ ಅವಳನ್ನು ಬೆನ್ನ ಮೇಲೆ ಹೊತ್ತು ಮೆಟ್ಟಿಲಿಳಿಸಿ, ಸ್ಟುಡಿಯೋದ ಹಿಂದಿನ ಕೋಣೆಯಲ್ಲಿ ಕೈಯಿರುವ ಕುರ್ಚಿಯಲ್ಲಿ ಕೂರಿಸುತ್ತಿದ್ದ, ಕಾಲಿನ ಕೆಳಗೆ ಒಂದು ಸ್ಟೂಲು.

"ಅಯ್ಯಯ್ಯೋ, ಅಳಿಲು ತಿಂದೂ ತಿಂದೂ ಹೆಗ್ಗಣ ಆಗಿದೆ. ನನ್ನ ಸೊಂಟ ಮುರೀತು" ಎನ್ನುತ್ತಿದ್ದ.

"ಇಳಿಸು ಹಾಗಾದ್ರೆ."

"ಇಳಿಸ್ತೀನಿ, ಬಾಡಿಗೆ ಕೊಡು."

ಹೀಗೆ ನಗಿಸುವ ಮಾವ ಒಂದು ಕಾಲದಲ್ಲಿ ಹಾಸಿಗೆ ಬಿಟ್ಟು ಏಳದೆ ಇದ್ದವನು. ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಸ್ಕೂಟರಿನಲ್ಲಿ ಹೋಗುವಾಗ ಲಾರಿ ತಗುಲಿತ್ತು. ಇವನಿಗೆ ಮೊಣಕೈ ತರಚಿತು, ಆಕೆ ಅಲ್ಲೇ ಹೋದಳು. ಆಮೇಲೆ ಹೆಚ್ಚುಕಡಿಮೆ ಒಂದು ವರ್ಷ ಅವನು ಗೋಡೆಗೆ ಮುಖ ಮಾಡಿ ಮಲಗಿದ. ಅಕ್ಕ ಅಂದರೆ ಅಳಿಲಿನ ಅಮ್ಮ ತುತ್ತು ಮಾಡಿ ಉಣಿಸಬೇಕಿತ್ತು. ಎಬ್ಬಿಸಿದ್ದು ಅಳಿಲು. ಆಗ ಅವಳಿಗೆ ಏಳೆಂಟು ವರ್ಷ, ಜಿಮ್ನಾಸ್ಟಿಕ್ಸ್ ಹಾಲಿಗೆ ಕರೆದುಕೊಂಡು ಹೋಗಲು ಯಾರೂ ಇರಲಿಲ್ಲ. "ಮಾವ, ಹೊತ್ತಾಯ್ತು, ಏಳು" ಎಂದು ಅವನ ಹೊದಿಕೆ ಎಳೆದು ಎಳೆದು ಒಂದು ದಿನ ಎಬ್ಬಿಸಿಯೇಬಿಟ್ಟಳು. ಅಲ್ಲಿಂದ ಈಚೆಗೆ ಅವಳ ಅಭ್ಯಾಸ ಒಂದನ್ನೂ ಅವನು ತಪ್ಪಿಸಿರಲಿಲ್ಲ.

ಕುರ್ಚಿಯಲ್ಲಿ ಕೂತು ಕೂತು ಮಂಕಾಗುತ್ತಿದ್ದವಳ ಕೈಗೆ ಮಾವ ತನ್ನ ಕ್ಯಾಮೆರಾ ಕೊಟ್ಟ. ಎದುರಿಗೆ ಮೇಜಿನ ಮೇಲೆ, ಟೋಪಿ ಅಂಗಡಿಯಿಂದ ಯಾವತ್ತೋ ತಂದಿದ್ದ ಪ್ಲಾಸ್ಟರಿನ ತಲೆಯೊಂದನ್ನು ಇಟ್ಟ. ಮೂಗಿನ ತುದಿ ಮುರಿದಿತ್ತು.

"ಇವರು ನಿನ್ನ ಗಿರಾಕಿ. ತಾಳ್ಮೆ ಜಾಸ್ತಿ, ಬಾಯಿ ಕಡಿಮೆ. ತೆಗಿ ನೋಡೋಣ."

ಕ್ಯಾಮೆರಾದ ತಲೆಯ ಮೇಲೆಯೇ ಫ್ಲ್ಯಾಶ್ ಕೂರಿಸಿ ತೆಗೆದರೆ ಮುಖ ಚಪ್ಪಟೆಯಾಗಿ, ಸುಣ್ಣ ಬಳಿದಂತೆ ಬರುತ್ತಿತ್ತು. ಮಾವ ಫ್ಲ್ಯಾಶನ್ನು ಬಿಚ್ಚಿ, ಪಕ್ಕದಲ್ಲೊಂದು ಸ್ಟ್ಯಾಂಡಿಗೆ ಸಿಕ್ಕಿಸಿದ. ಕ್ಯಾಮೆರಾದ ಮೇಲೆ ಅದರ ಬದಲು ಬೆಂಕಿಪೊಟ್ಟಣದಷ್ಟು ದೊಡ್ಡದೊಂದು ಡಬ್ಬಿ ಕೂರಿಸಿದ.

"ಇದು ಟ್ರಿಗರ್. ರೇಡಿಯೋ ಇದ್ದಂಗೆ. ಇಲ್ಲಿ ಬಟನ್ ಒತ್ತಿದ್ರೆ ಇದು ಕೂಗುತ್ತೆ, ಅಲ್ಲಿ ಲೈಟು ಕೇಳಿಸ್ಕೊಂಡು ಬೆಳಗುತ್ತೆ. ತಂತಿಗಿಂತಿ ಏನೂ ಇಲ್ಲ. ಮಧ್ಯೆ ಗೋಡೆ ಇದ್ರೂ ಕೇಳಿಸುತ್ತೆ."

ಒತ್ತಿದಳು. ಪ್ಲಾಸ್ಟರಿನ ತಲೆಗೆ ಕೆನ್ನೆ ಬಂತು, ಕೆನ್ನೆಗೆ ನೆರಳು ಬಂತು, ಮುರಿದ ಮೂಗಿಗೂ ಒಂದು ಗತ್ತು ಬಂತು. ಎಷ್ಟೋ ದಿನಗಳ ಮೇಲೆ ಅಳಿಲಿಗೆ ಇನ್ನೊಂದು ಸಲ ಮಾಡಬೇಕು ಅನ್ನಿಸಿದ ಕೆಲಸ ಅದು. ಶಟರಿನ ವೇಗ ಸುಮ್ಮನೆ ಹೆಚ್ಚಿಸಿ ನೋಡಿದಳು. ಚಿತ್ರದ ಅರ್ಧಕ್ಕೆ ಕಪ್ಪು ಪಟ್ಟಿ ಬಿತ್ತು, ತಲೆಯ ಗಲ್ಲವೇ ಮಾಯ.

"ಇದೇನಾಯ್ತು ಮಾವ? ಕೆಟ್ಟೋಯ್ತಾ?"

"ಕೆಟ್ಟಿಲ್ಲ, ನೀನು ಅವಸರ ಮಾಡ್ದೆ. ಒಳಗೆ ಎರಡು ಪರದೆ ಇದೆ. ಒಂದು ಸರಿಯುತ್ತೆ, ಹಿಂದೇನೇ ಇನ್ನೊಂದು ಮುಚ್ಚುತ್ತೆ. ಎರಡೂ ಪೂರ್ತಿ ತೆರೆದಿರೋ ಗಳಿಗೆಯಲ್ಲೇ ಲೈಟು ಬೆಳಗಬೇಕು. ವೇಗ ಜಾಸ್ತಿಯಾದ್ರೆ ಅಂಥ ಗಳಿಗೆನೇ ಇರಲ್ಲ, ಪರದೆ ಅಡ್ಡ ಬಂದುಬಿಡುತ್ತೆ. ಇನ್ನೂರರ ಮೇಲೆ ಹೋಗ್ಬೇಡ."

ದಿನಗಳು ಹೀಗೆ ಸಾಗಿದವು. ಅಪ್ಪ ಮಾತ್ರ ಹಿಂದಿನ ಕೋಣೆಗೆ ಬರುವುದನ್ನು ಕಡಿಮೆ ಮಾಡಿದ್ದ. ಬಂದರೂ ಬಾಗಿಲಲ್ಲೇ ನಿಂತು, "ಊಟ ಆಯ್ತಾ?" ಎಂದು ಕೇಳಿ ಹೋಗುತ್ತಿದ್ದ. ಅವನ ದೊಡ್ಡ ಫ್ಲ್ಯಾಶು ಅಲಮಾರಿಯ ಮೇಲಿನ ಹಲಗೆಯಲ್ಲಿ ಬಟ್ಟೆ ಸುತ್ತಿಕೊಂಡು ಮಲಗಿತ್ತು. ಹಾಲಿನಿಂದ ಬಂದ ಮೇಲೆ ಅವನು ಅದನ್ನು ಹೊರಗೆ ತೆಗೆದಿರಲಿಲ್ಲ. ಕೆಲಸಕ್ಕೆ ಹಳೆಯ ಲೈಟುಗಳನ್ನೇ ಒಯ್ಯುತ್ತಿದ್ದ. ಮಗಳು ಬಿದ್ದ ದಿನದ ಸಾಮಾನು, ನೋಡಲು ಸಂಕಟವಾಗುತ್ತದೇನೋ ಎಂದು ಅಳಿಲು ಅಂದುಕೊಂಡಿದ್ದಳು.

ಅಪ್ಪ ಹೊರಗೆ ಹೋಗಿದ್ದ ಒಂದು ಬೆಳಿಗ್ಗೆ, "ಅದನ್ನ ಇಳಿಸಿಕೊಡು ಮಾವ, ಎರಡು ಕಡೆಯಿಂದ ಲೈಟು ಹಾಕಿ ನೋಡ್ತೀನಿ" ಎಂದಳು. ಮಾವ ಇಳಿಸಿ, ಧೂಳು ಒರೆಸಿ, ಬ್ಯಾಟರಿ ತುಂಬಿ, ಅವಳ ಕುರ್ಚಿಯ ಪಕ್ಕದಲ್ಲೇ ಸ್ಟ್ಯಾಂಡಿಗೆ ಹಾಕಿಕೊಟ್ಟ. ಬಟನ್ ಒತ್ತಿದರೆ ಮಾವನ ಲೈಟು ಬೆಳಗಿತು. ಅಪ್ಪನದು ಉಸಿರೇ ಬಿಡಲಿಲ್ಲ. ಬ್ಯಾಟರಿ ತೆಗೆದು ತಿರುಗಿಸಿ ಹಾಕಿದಳು. ಟ್ರಿಗರನ್ನು ಬಿಚ್ಚಿ ಮತ್ತೆ ಗಟ್ಟಿಯಾಗಿ ಕೂರಿಸಿದಳು. ಊಹೂಂ.

"ಸತ್ತೋಗಿದೆ ಇದು."

"ಸಾಯೋ ಜಾತಿ ಅಲ್ಲ ಅದು. ಹಿಂದುಗಡೆ ಸ್ಕ್ರೀನ್ ನೋಡು, ಚಾನೆಲ್ ಎಷ್ಟಿದೆ?"

"ಇಪ್ಪತ್ಮೂರು."

"ಇಪ್ಪತ್ಮೂರಾ?" ಮಾವ ಬಗ್ಗಿ ನೋಡಿದ. "ಅದಕ್ಕೇ ಮತ್ತೆ. ನನ್ನ ಟ್ರಿಗರ್ ಒಂದರಲ್ಲಿ ಕೂಗ್ತಿದೆ, ಅದು ಇಪ್ಪತ್ಮೂರರಲ್ಲಿ ಕಿವಿ ಇಟ್ಕೊಂಡು ಕೂತಿದೆ. ಎಲ್ಲಿ ಕೇಳಿಸುತ್ತೆ? ಒಂದಕ್ಕೆ ತಂದಿಡು."

"ಯಾರು ಬದಲಾಯಿಸಿದ್ರು?"

"ನಾನಂತೂ ಮುಟ್ಟಿಲ್ಲ ತಾಯಿ. ಎರಡೂ ಒಂದೇ ದಿನ ತಂದಿದ್ದು, ಡಬ್ಬಿಯಿಂದ ಬಂದಾಗಲೇ ಎರಡೂ ಒಂದರಲ್ಲಿತ್ತು. ಯಾವತ್ತೂ ಬದಲಾಯಿಸಿದ್ದೇ ಇಲ್ಲ. ನಿಮ್ಮಪ್ಪನ ಕೈ ತಾಗಿರಬೇಕು."

ಕೈ ತಾಗಿ ಬದಲಾಗುವಂಥದ್ದಲ್ಲ ಅದು. ಒಂದು ಗುಂಡಿಯನ್ನು ಒತ್ತಿ ಹಿಡಿದು, ಚಕ್ರ ತಿರುಗಿಸಿ, ಮತ್ತೆ ಒತ್ತಬೇಕು. ಅಳಿಲು ಹಾಗೆ ಮಾಡಿ ಒಂದಕ್ಕೆ ತಂದಳು. ಅಷ್ಟರಲ್ಲಿ ಮುಂದಿನ ಕೋಣೆಯಲ್ಲಿ ಯಾರೋ ಪಾಸ್‌ಪೋರ್ಟ್ ಫೋಟೋಗೆ ಬಂದರು. ಮಾವ ತನ್ನ ಲೈಟು, ಕ್ಯಾಮೆರಾ ಎತ್ತಿಕೊಂಡು ಹೊರಟ. ಇವಳು ಅಪ್ಪನ ಫ್ಲ್ಯಾಶಿನ ಕಡೆಗೆ ಬಾಗಿ, ಅದರ ಗಾಜಿನ ಮೇಲೆ ಅಂಟಿದ್ದ ಕೂದಲೊಂದನ್ನು ಉಗುರಿನಿಂದ ತೆಗೆಯುತ್ತಿದ್ದಳು.

ಗೋಡೆಯಾಚೆ ಮಾವ, "ಗಲ್ಲ ಸ್ವಲ್ಪ ಕೆಳಗೆ. ಹಾಂ, ಹಾಗೇ ಇರಿ" ಎಂದಿದ್ದು ಕೇಳಿಸಿತು.

ಬೆಳ್ಳಗೆ ಹೊಡೆಯಿತು. ಎಡಗಣ್ಣಿನ ಪಕ್ಕದಿಂದ.

ಅವಳ ಎರಡೂ ಕೈಗಳು ಚಂಗನೆ ಹಾರಿ ಕುರ್ಚಿಯ ಕೈಗಳನ್ನು ಹಿಡಿದುಕೊಂಡವು, ಬಲಗಾಲು ಸ್ಟೂಲಿನ ಮೇಲೆ ತಾನಾಗಿ ಸೆಟೆದುಕೊಂಡಿತು, ಮಂಡಿಯೊಳಗಿನ ತಿರುಪುಗಳು ಚುಚ್ಚಿದಂತೆ ನೋವಾಯಿತು. ತಲೆ ಇನ್ನೂ ಏನೂ ಯೋಚಿಸಿರಲಿಲ್ಲ. ಮೈಗೆ ಮಾತ್ರ ಗೊತ್ತಾಗಿಬಿಟ್ಟಿತ್ತು. ಅದೇ ಬೆಳಕು. ಕಥೆಯಲ್ಲ, ಬಿಸಿಲಲ್ಲ. ಕಣ್ಣೊಳಗೆ ತೇಲುತ್ತಿದ್ದ ಹಸಿರು ಮಚ್ಚೆ ಕರಗುವವರೆಗೂ ಅವಳು ಅಲುಗಾಡದೆ ಕೂತಳು. ಆಚೆ ಮಾವ ಯಾರಿಗೋ "ಇನ್ನೊಂದು ತೆಗಿತೀನಿ, ಕಣ್ಣು ಮುಚ್ಚಿದ್ರಿ" ಎನ್ನುತ್ತಿದ್ದ. ಎರಡನೇ ಸಲವೂ ಅಪ್ಪನ ಫ್ಲ್ಯಾಶು ಅವನ ಟ್ರಿಗರಿನ ಕೂಗು ಕೇಳಿ ಬೆಳಗಿತು.

ಮಾವ ಗೋಡೆಯಾಚೆ, ಲೈಟು ಗೋಡೆಯೀಚೆ. ಆವತ್ತು ಹಾಲಿನಲ್ಲಿ ಇದ್ದುದೂ ಹೀಗೆಯೇ. ಆಮೇಲೆ ಯಾರೋ ಕೂತು, ಗುಂಡಿ ಒತ್ತಿ, ಚಕ್ರ ತಿರುಗಿಸಿ, ಒಂದನ್ನು ಇಪ್ಪತ್ತಮೂರು ಮಾಡಿದ್ದರು. ಬೇಕೆಂದೇ.

ಅಪ್ಪ ಮಧ್ಯಾಹ್ನ ಬಂದ. ಮಾವ ಊಟಕ್ಕೆಂದು ಮೇಲೆ ಹೋಗಿದ್ದ. ಹಿಂದಿನ ಕೋಣೆಯ ಬಾಗಿಲಲ್ಲಿ ನಿಂತು ಎಂದಿನಂತೆ "ಊಟ..." ಎಂದವನ ಕಣ್ಣು ಸ್ಟ್ಯಾಂಡಿನ ಮೇಲಿದ್ದ ತನ್ನ ಫ್ಲ್ಯಾಶಿಗೆ ಬಿತ್ತು.

"ಯಾವತ್ತು ಬದಲಾಯಿಸಿದೆ ಅಪ್ಪ?" ಎಂದಳು.

ಅವನು ಏನು ಎಂದು ಕೇಳಲಿಲ್ಲ. ಹೆಗಲ ಮೇಲಿನ ಚೀಲವನ್ನು ನಿಧಾನವಾಗಿ ನೆಲಕ್ಕಿಟ್ಟ. ಬಾಗಿಲು ಮುಂದೆ ಮಾಡಿ, ಗೋಡೆಗೆ ಒರಗಿ ನಿಂತ.

"ಆವತ್ತೇ. ಆಸ್ಪತ್ರೆಯಿಂದ ಬಟ್ಟೆ ತಗೊಂಡು ಹೋಗೋಕೆ ಬಂದಿದ್ದೆನಲ್ಲ, ಆಗ."

"ನಿಂಗೆ ಕಾಣ್ತಾ? ಬೆಳಗಿದ್ದು?"

"ಕಾಣ್ತು. ನೀವು ಹುಡುಗಿಯರು ಬೀಮ್ ಮೇಲಿರೋವಾಗ ಫ್ಲ್ಯಾಶ್ ಬೇಡ ಅಂತ ಮೇಡಂ ಹೇಳಿದ್ರು. ನಾನು ಟ್ರಿಗರ್ ತೆಗೆದು ಜೇಬಿಗೆ ಹಾಕ್ಕೊಂಡೆ. ಅಷ್ಟು ಸಾಕು ಅಂದ್ಕೊಂಡೆ. ಲೈಟು ಆಫ್ ಮಾಡ್ಲಿಲ್ಲ. ಟ್ರಿಗರ್ ನನ್ನ ಜೇಬಲ್ಲಿದೆ, ಲೈಟು ಬೆಳಗ್ತು. ಹೇಗೆ ಅಂತ ಆ ಕ್ಷಣಕ್ಕೆ ಹೊಳೀಲೇ ಇಲ್ಲ. ಮನೆಗೆ ಬಂದು ನೋಡಿದ್ರೆ ನನ್ನ ಲೈಟು, ನಿನ್ನ ಮಾವನ ಟ್ರಿಗರ್ ಎರಡೂ ಒಂದೇ ಚಾನೆಲ್. ಹೊರಗೆ ಅವನು ಮಕ್ಕಳ ಫೋಟೋಗೆ ಶುರು ಮಾಡೋಕೆ ಮುಂಚೆ ಒಂದ್ಸಲ ಒತ್ತಿದಾನೆ."

"ಮಾವಂಗೆ ಗೊತ್ತಾ?"

"ಇಲ್ಲ." ಅಪ್ಪ ಎರಡೂ ಕೈಗಳಿಂದ ಮುಖ ಉಜ್ಜಿಕೊಂಡ. "ಗೊತ್ತಾಗ್ಬಾರ್ದು. ನಿಮ್ಮತ್ತೆ ಹೋದಾಗ ಅವನು ಹೇಗಿದ್ದ ಅಂತ ನೀನೇ ನೋಡಿದೀಯ. ಎದ್ದು ಕೂತಿದ್ದೇ ನಿನ್ನಿಂದ. ಈಗ ನಿನ್ನ ಕಾಲು ಅವನ ಕೈಯಿಂದ್ಲೇ ಹೋಯ್ತು ಅಂತ ಹೇಳ್ಲಾ? ಇನ್ನೊಂದನ್ನ ಅವನ ತಲೆ ಮೇಲೆ ಹೇಗೆ ಹಾಕ್ಲಿ?"

"ನನ್ನ ತಲೆ ಮೇಲೆ ಹಾಕ್ದೆ."

"ನಾನೆಲ್ಲಿ..."

"ಬೆಳಕು ಬಂತು ಅಂದೆ ನಾನು. ಬಿಸಿಲು ಅಂದೆ ನೀನು. ಹೆದರಿದೆ ನೀನು ಅಂತ ಮೇಡಂ ನನಗಂದಾಗ ನೀನು ಪಕ್ಕದಲ್ಲೇ ನಿಂತಿದ್ದೆ. ಬಾಯಿ ಬಿಡ್ಲಿಲ್ಲ. ಇಷ್ಟು ದಿನ ನಾನು ಹೇಡಿ ಅಂತ ನಾನೇ ನಂಬ್ಕೊಂಡಿದ್ದೆ ಅಪ್ಪ."

ಅವಳು ಕೂಗಲಿಲ್ಲ. ಕೂಗಿದ್ದರೆ ಅಪ್ಪನಿಗೂ ಕೂಗಲು ದಾರಿಯಿರುತ್ತಿತ್ತು. ಅವನು ಕುರ್ಚಿಯ ಹತ್ತಿರ ಬಂದು ಅವಳ ತಲೆ ಸವರಲು ಕೈ ಚಾಚಿದ. ಅವಳು ತಲೆ ಪಕ್ಕಕ್ಕೆ ತಿರುಗಿಸಿದಳು. ಕೈ ಗಾಳಿಯಲ್ಲೇ ಇದ್ದು, ಕೆಳಗಿಳಿಯಿತು.

"ಹೇಳ್ಬೇಡ ಮಗಳೇ ಅವನಿಗೆ. ನನ್ನನ್ನ ಏನು ಬೇಕಾದ್ರೂ ಅನ್ನು" ಎಂದು ಹೇಳಿ ಹೊರಗೆ ಹೋದ.

ಅವಳು ಹೇಳಲಿಲ್ಲ. ಆದರೆ ಸುಮ್ಮನಿರುವುದೂ ಒಂದು ಕೆಲಸ, ಅದು ಎಲ್ಲರಿಗೂ ಬರುವುದಿಲ್ಲ. ಮಾವ ಬೆನ್ನು ಕೊಟ್ಟರೆ, ಬೇಡ, ಗೋಡೆ ಹಿಡ್ಕೊಂಡು ಇಳೀತೀನಿ ಎನ್ನತೊಡಗಿದಳು. ಅವನು ತಮಾಷೆ ಮಾಡಿದರೆ ಕಿಟಕಿಯಾಚೆ ನೋಡಿದಳು. ಅವನ ಮೇಲೆ ಸಿಟ್ಟಿತ್ತೇ? ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಬಟನ್ ಒತ್ತಿದ ಆ ಹೆಬ್ಬೆರಳನ್ನು, ಚಹಾ ಲೋಟ ಹಿಡಿದಾಗ, ಬೀಗ ತೆಗೆಯುವಾಗ, ನೋಡದೆ ಇರಲು ಅವಳಿಗೆ ಆಗುತ್ತಿರಲಿಲ್ಲ. ನೋಡಿದ ಕೂಡಲೇ ಸಿಟ್ಟು ಉಕ್ಕುತ್ತಿತ್ತು, ಅದರ ಹಿಂದೆಯೇ ನಾಚಿಕೆಯಾಗುತ್ತಿತ್ತು. ಪಾಪ, ಅವನಿಗೇನು ಗೊತ್ತು ಎಂದುಕೊಳ್ಳುವಳು. ಮತ್ತೆ ಹೆಬ್ಬೆರಳು ಕಾಣುತ್ತಿತ್ತು.

ಮಾವ ಕೆಲವು ದಿನ ನೋಡಿದ. "ಏನಾಯ್ತು ಅಳಿಲೇ, ನನ್ನಿಂದ ಏನಾದ್ರೂ ತಪ್ಪಾಯ್ತಾ?" ಎಂದು ಒಂದೆರಡು ಸಲ ಕೇಳಿದ. ಏನಿಲ್ಲ ಮಾವ ಎಂದಳು. ಭಾವನನ್ನು ಕೇಳಿದ. ಅವನೂ ಮುಖಕ್ಕೆ ಮುಖ ಕೊಡದೆ, "ಕಾಲಿಂದು ಬೇಜಾರು ಅವಳಿಗೆ, ಬಿಡು" ಎಂದ. ಮಾವ ನಗಿಸುವವನೇ ಹೊರತು ದಡ್ಡನಲ್ಲ. ಮನೆಯಲ್ಲಿ ಇಬ್ಬರು ತನ್ನನ್ನು ಕಂಡು ಏಕಕಾಲಕ್ಕೆ ಕಣ್ಣು ತಗ್ಗಿಸಿದರೆ ಏನೋ ಇದೆ ಎಂದು ತಿಳಿಯದವನಲ್ಲ. ಅದು ಯಾವಾಗ ಶುರುವಾಯಿತು ಎಂದು ಲೆಕ್ಕ ಹಾಕುತ್ತಾ ಹಿಂದಕ್ಕೆ ಹೋದರೆ, ಆ ದೊಡ್ಡ ಫ್ಲ್ಯಾಶು ಕೆಳಗಿಳಿಸಿ, ಅದರ ಚಾನೆಲ್ ಬದಲಾಗಿದ್ದನ್ನು ಕಂಡ ಬೆಳಿಗ್ಗೆ ಸಿಗುತ್ತಿತ್ತು.

ಒಂದು ಸಂಜೆ ಹಿಂದಿನ ಕೋಣೆಯಲ್ಲಿ ಅವನು ಒಬ್ಬನೇ ನೆಲದ ಮೇಲೆ ಕೂತಿದ್ದ. ಅಳಿಲು ಊರುಗೋಲು ಹಿಡಿದು ಬಂದವಳು ಬಾಗಿಲಲ್ಲೇ ನಿಂತಳು. ಅಪ್ಪನ ಫ್ಲ್ಯಾಶು ಅವನ ಮುಂದೆ ಸ್ಟ್ಯಾಂಡಿನ ಮೇಲಿತ್ತು. ಅವನ ಕೈಯಲ್ಲಿ ತನ್ನ ಟ್ರಿಗರ್ ಇತ್ತು, ಕ್ಯಾಮೆರಾ ಇಲ್ಲದೆ, ಬರೀ ಟ್ರಿಗರ್. ಹೆಬ್ಬೆರಳಿನಿಂದ ಅದರಲ್ಲಿದ್ದ, ಲೈಟು ಪರೀಕ್ಷಿಸುವ ಗುಂಡಿ ಒತ್ತಿದ. ಕೋಣೆ ಬೆಳ್ಳಗಾಯಿತು. ಲೈಟು ಮತ್ತೆ ತಯಾರಾಗುವಾಗ ಬರುವ ಸಣ್ಣ ಸಿಳ್ಳೆ ಕೇಳಿಸಿತು. ಮತ್ತೆ ಒತ್ತಿದ.

"ಮಾವ" ಎಂದಳು.

ಅವನು ತಿರುಗಲಿಲ್ಲ. "ಕಾರಿಡಾರಿನಲ್ಲಿ ಸ್ಟ್ಯಾಂಡ್ ಹಾಕಿ, ಇದನ್ನ ಒತ್ತಿದೆ. ನನ್ನ ಲೈಟು ಬೆಳಗ್ಲಿಲ್ಲ. ಅಯ್ಯೋ, ಆನ್ ಮಾಡೋದೇ ಮರೆತಿದೀನಿ ಅಂತ ನಗ್ತಾ ಬಗ್ಗಿದೆ. ಅಷ್ಟರಲ್ಲಿ ಒಳಗಿಂದ ನಿಮ್ಮಪ್ಪ ಕೂಗಿದ" ಎಂದ. ಮತ್ತೆ, "ನಗ್ತಾ ಇದ್ದೆ" ಎಂದ.

ಇಲ್ಲ ಮಾವ, ಹಾಗಲ್ಲ ಎನ್ನಬಹುದಿತ್ತು. ಆದರೆ ಹಾಗೆಯೇ ಆಗಿತ್ತು. ಅವನು ಎದ್ದು, ಟ್ರಿಗರನ್ನು ಮೇಜಿನ ಮೇಲಿಟ್ಟು, ಅವಳ ಪಕ್ಕದಿಂದಲೇ ಹಾದು ಮೇಲೆ ಹೋದ.

ಮರುದಿನ ಬೆಳಿಗ್ಗೆ ಮಾವ ಮನೆಯಲ್ಲಿರಲಿಲ್ಲ. ಮಧ್ಯಾಹ್ನ ಬಂದವನು ಯಾರ ಜೊತೆಗೂ ಮಾತಾಡದೆ ತನ್ನ ಕೋಣೆಗೆ ಹೋಗಿ ಮಲಗಿದ. ಎಲ್ಲಿಗೆ ಹೋಗಿದ್ದ ಎಂದು ತಿಳಿದದ್ದು ಸಂಜೆ, ಕೋಚ್ ಮೇಡಂ ಮೆಟ್ಟಿಲು ಹತ್ತಿ ಬಂದಾಗ. ಅಮ್ಮ ಆಗ ತಾನೇ ಕೆಲಸದಿಂದ ಬಂದು ಕಾಲು ತೊಳೆಯುತ್ತಿದ್ದಳು. ಅಪ್ಪ ಕುರ್ಚಿಯಿಂದ ಎದ್ದು ನಿಂತ.

ಮೇಡಂ ನೇರ ಅಳಿಲಿನ ಮಂಚದ ಹತ್ತಿರ ಹೋದರು. "ನಿನ್ನ ಮಾವ ಬಂದಿದ್ರು. ಅಭ್ಯಾಸ ನಡೀತಿತ್ತು. ಹುಡುಗಿಯರೆಲ್ಲ ಇರೋವಾಗ್ಲೇ, ಅವಳು ಹೆದರಿರ್ಲಿಲ್ಲ, ನಾನು ಅವಳ ಕಣ್ಣಿಗೆ ಲೈಟು ಹೊಡೆದೆ ಅಂದ್ರು. ಒಳಗೆ ಬನ್ನಿ, ಕೂತು ಮಾತಾಡೋಣ ಅಂದೆ. ಕೂರ್ಲಿಲ್ಲ. ಚಾನೆಲ್ಲು, ಟ್ರಿಗರ್ರು ಅಂತ ಎಲ್ಲ ಬಿಡಿಸಿ ಹೇಳಿದ್ರು. ಸಣ್ಣ ಮಕ್ಕಳಿಗೆ ಅರ್ಥ ಆಗ್ಲಿಲ್ಲ ಅಂತ ಇನ್ನೊಂದ್ಸಲ ಹೇಳಿದ್ರು." ಮೇಡಂ ಕರ್ಚೀಫು ತೆಗೆದರು, ಉಪಯೋಗಿಸದೆ ಮುದುರಿ ಹಿಡಿದುಕೊಂಡರು. "ನಾನು ಆವತ್ತು ಅಂದಿದ್ದು ತಪ್ಪು. ನೀನು ಹೆದರೋ ಹುಡುಗಿ ಅಲ್ಲ. ಅದು ನಂಗೆ ಗೊತ್ತಿರಬೇಕಿತ್ತು."

ಈ ಮಾತಿಗಾಗಿ ಅಳಿಲು ಎಷ್ಟು ಹಂಬಲಿಸಿದ್ದಳೋ ಅವಳಿಗೇ ಗೊತ್ತು. ಈಗ ಬಂದಾಗ ಅದು ಕಿವಿಗೆ ಬಿದ್ದು ಅಲ್ಲೇ ನಿಂತಿತು. ಎದೆಗಿಳಿಯಲಿಲ್ಲ. "ಕೂತ್ಕೊಳಿ ಮೇಡಂ" ಎಂದಳು. ಪಕ್ಕದ ಕೋಣೆಯ ಮುಚ್ಚಿದ ಬಾಗಿಲನ್ನೇ ನೋಡುತ್ತಿದ್ದಳು.

ಅಮ್ಮನಿಗೆ ಎಲ್ಲವೂ ಆಗಲೇ ತಿಳಿದದ್ದು. ಒದ್ದೆ ಕಾಲಿನಲ್ಲೇ ನಿಂತು ಕೇಳಿದಳು. ಮೇಡಂ ಹೋದ ಮೇಲೆ ಗಂಡನ ಕಡೆ ತಿರುಗಿದಳು.

"ನನ್ನ ತಮ್ಮನ್ನ ಕಾಪಾಡೋಕೆ ನನ್ನ ಮಗಳನ್ನ ಸುಟ್ರಿ. ಈಗ ಇಬ್ರೂ ಉಳೀಲಿಲ್ಲ" ಎಂದಳು. ಅವಳು ಅಡುಗೆಮನೆಗೆ ಹೋಗಿ ಅಕ್ಕಿ ತೊಳೆಯತೊಡಗಿದಳು. ತೊಳೆದ ಅಕ್ಕಿಯನ್ನೇ ಮತ್ತೆ ಮತ್ತೆ ತೊಳೆಯುತ್ತಿದ್ದಳು, ನೀರು ಸುರಿಯುವ ಸದ್ದು ನಿಲ್ಲಲೇ ಇಲ್ಲ.

ಮಾವ ಏಳಲಿಲ್ಲ. ಹಿಂದಿನಂತೆಯೇ ಗೋಡೆಗೆ ಮುಖ ಮಾಡಿ ಮಲಗಿದ. ಅಮ್ಮ ತಟ್ಟೆ ಒಯ್ದು ಕೂರುತ್ತಿದ್ದಳು, ಅರ್ಧ ತಟ್ಟೆ ಹಿಂದಕ್ಕೆ ಬರುತ್ತಿತ್ತು. ಡಾಕ್ಟರು ಬಂದು ಮಾತ್ರೆ ಬರೆದುಕೊಟ್ಟರು. ಮಾತ್ರೆಯಿಂದ ನಿದ್ದೆ ಬರುತ್ತಿತ್ತು, ಅಷ್ಟೆ.

ಅಳಿಲು ಮೊದಲ ಕೆಲವು ದಿನ ಆ ಬಾಗಿಲ ಹತ್ತಿರ ಹೋಗಲಾರದಾದಳು. ಒಂದು ಬೆಳಿಗ್ಗೆ ಹೋದಳು. ಸ್ಟೂಲು ಎಳೆದುಕೊಂಡು, ಕಾಲು ಚಾಚಿ, ಅವನ ಮಂಚದ ಪಕ್ಕದಲ್ಲಿ ಕೂತಳು. ಹೊದಿಕೆ ಎಳೆಯುವ ವಯಸ್ಸು ಅವಳಿಗೆ ದಾಟಿತ್ತು. ಸುಮ್ಮನೆ ಕೂತಳು. ಮರುದಿನವೂ ಕೂತಳು. ಅವನು ಎಚ್ಚರವಾಗಿದ್ದಾನೆ ಎಂದು ಬೆನ್ನು ನೋಡಿದರೇ ಗೊತ್ತಾಗುತ್ತಿತ್ತು.

ಎಷ್ಟೋ ದಿನದ ಮೇಲೆ ಗೋಡೆಯ ಕಡೆಯಿಂದ ಮಾತು ಬಂತು. "ಏನು ಕಾಣ್ತು ನಿಂಗೆ? ಆವಾಗ."

ಇದುವರೆಗೆ ಯಾರೂ ಇದನ್ನು ಕೇಳಿರಲಿಲ್ಲ. ಸುಳ್ಳು ಹೇಳಬಹುದಿತ್ತು. ಹೇಳಬಾರದು ಅನ್ನಿಸಿತು.

"ಬೀಮ್ ಕಾಣ್ಬೇಕಿತ್ತು ಮಾವ. ಅದರ ಬದಲು ಬರೀ ಬಿಳಿ. ಎಡಗಡೆಯಿಂದ ಬಂತು. ಮೇಲೆ ಯಾವುದು, ಕೆಳಗೆ ಯಾವುದು ಅಂತ ಗೊತ್ತಾಗ್ಲಿಲ್ಲ. ಕಾಲು ಕೊಟ್ಟೆ, ಅಲ್ಲಿ ಏನೂ ಇರ್ಲಿಲ್ಲ."

ಮಾವನ ಬೆನ್ನು ಅಲುಗಿತು. ಸದ್ದಿಲ್ಲದೆ, ತುಂಬ ಹೊತ್ತು ಅಲುಗುತ್ತಲೇ ಇತ್ತು. ಅವಳು ಅವನ ಭುಜದ ಮೇಲೆ ಕೈಯಿಟ್ಟಳು. ಅವನು ಅದನ್ನು ತಳ್ಳಲಿಲ್ಲ, ತಿರುಗಲೂ ಇಲ್ಲ.

"ಈಗ ನೋಯುತ್ತಾ ಕಾಲು?" ಎಂದ ಕೊನೆಗೆ.

"ನೋಯುತ್ತೆ."

"ಹೂಂ" ಎಂದ.

ಆ ವರ್ಷ ಮುಗಿಯುವ ಹೊತ್ತಿಗೆ ಮಾವ ಎದ್ದು ಓಡಾಡುವಂತಾದ. ಆದರೆ ಸ್ಟುಡಿಯೋಕ್ಕೆ ಇಳಿಯಲಿಲ್ಲ. ದೂರದ ಊರಿನಲ್ಲಿ ಸ್ನೇಹಿತನೊಬ್ಬನ ಪೈಪು, ನಲ್ಲಿಗಳ ಅಂಗಡಿಯಿತ್ತು, ಅಲ್ಲಿ ಕೆಲಸಕ್ಕೆ ಸೇರಿಕೊಂಡ. ಆಗಾಗ ಫೋನು ಮಾಡುತ್ತಾನೆ. ಅಲ್ಲಿಯ ಚಳಿಯ ಬಗ್ಗೆ, ಅಂಗಡಿಗೆ ಬರುವ ಜನರ ಬಗ್ಗೆ ಮಾತಾಡುತ್ತಾನೆ. ತಮಾಷೆ ಮಾಡಲು ನೋಡುತ್ತಾನೆ, ಅರ್ಧದಲ್ಲಿ ಮರೆತವನಂತೆ ನಿಲ್ಲಿಸುತ್ತಾನೆ. ಅವಳನ್ನು ಈಗ ಶಾಲೆಯ ಹೆಸರಿನಿಂದಲೇ ಕರೆಯುತ್ತಾನೆ.

ಅವನ ಜಾಗದಲ್ಲಿ ಅವಳು ನಿಂತಳು. ಅಪ್ಪ ಒಬ್ಬನೇ ಎಲ್ಲ ಮಾಡಲಾರ, ಅವಳಿಗೂ ಕೂತಿರಲು ಆಗದು. ಕುಂಟುತ್ತಾ ಸ್ಟ್ಯಾಂಡು ಎಳೆದು ನಿಲ್ಲಿಸುತ್ತಾಳೆ, ಲೈಟಿನ ಬಲ ಹೆಚ್ಚುಕಡಿಮೆ ಮಾಡುತ್ತಾಳೆ, ಒಳ್ಳೆಯ ಕೈ ಎಂದು ಬಂದವರು ಹೊಗಳುತ್ತಾರೆ. ಅಪ್ಪ ಕ್ಯಾಮೆರಾ ಹಿಂದೆ ನಿಂತು "ಸ್ವಲ್ಪ ಎಡಕ್ಕೆ" ಎನ್ನುತ್ತಾನೆ. ಅವಳು ಎಡಕ್ಕೆ ಸರಿಸುತ್ತಾಳೆ. "ಇನ್ನೂ ಸ್ವಲ್ಪ ಮೇಲೆ." ಮೇಲೆ ಎತ್ತುತ್ತಾಳೆ. "ಸಾಕು." ಅಪ್ಪ ಮಗಳ ನಡುವೆ ದಿನಕ್ಕೆ ಇಷ್ಟು ಮಾತು ನಡೆಯುತ್ತದೆ. ಕೆಲಸ ಮುಗಿದ ಮೇಲೆ ಅಪ್ಪ ಏನೋ ಹೇಳಲು ಬಾಯಿ ತೆರೆಯುವುದುಂಟು. ಅಷ್ಟರಲ್ಲಿ ಅವಳು ಬ್ಯಾಟರಿಗಳನ್ನು ಚಾರ್ಜಿಗೆ ಹಾಕಲು ಒಳಗೆ ಹೋಗಿರುತ್ತಾಳೆ.